ಕಾಯುವವನು ಮತ್ತು ಹುಲ್ಲು: 103ನೇ ಕೀರ್ತನೆಯ ಒಂದು ಓದು

ಕಳೆದ ತಿಂಗಳ ನಮ್ಮ ಗೋಷ್ಠಿಯ ವಿಷಯ ಭಕ್ತಿ ಸಾಹಿತ್ಯ. ಬಂದವರೆಲ್ಲ ವಚನ, ದಾಸರ ಪದ ಎಂದು ಚೆನ್ನಾಗಿಯೇ ಮಾತಾಡಿದರು. ನಾನು ಬಿಸಿಬೇಳೆಬಾತಿನ ಕಡೆ ಹೆಚ್ಚು ಗಮನ ಕೊಟ್ಟು ಸುಮ್ಮನೆ ಕೂತಿದ್ದೆ. ಕೊನೆಗೆ ಕಾಫಿ ಕುಡಿಯುವಾಗ ನಮ್ಮ ಬಳಗದ ಹಿರಿಯರೊಬ್ಬರು ಒಂದು ಮಾತು ಎಸೆದರು: "ಏನೇ ಹೇಳಿ, ಭಕ್ತಿ ಅಂದರೆ ಒಂಥರಾ ಇನ್ಶೂರೆನ್ಸ್. ಸ್ತುತಿ ಪ್ರೀಮಿಯಮ್ಮು, ರಕ್ಷಣೆ ಪಾಲಿಸಿ. ಅದರಲ್ಲಿ ಕಾವ್ಯ ಎಷ್ಟಿದೆ ಅಂತ ಭೂತಗನ್ನಡಿ ಹಿಡಿದು ಹುಡುಕಬೇಕು." ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಮನೆಗೆ ಕಾರು ಓಡಿಸಿಕೊಂಡು ಬರುವಾಗ ನಗು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಅವರಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಗೊತ್ತಿತ್ತು. ಆದರೆ ಅದು ವಚನದಿಂದಲೂ ದಾಸರಿಂದಲೂ ಬಂದದ್ದಲ್ಲ, ಬೈಬಲಿನಿಂದ ಬಂದದ್ದು. ಕಾಫಿ ಕಪ್ ಹಿಡಿದುಕೊಂಡು ಹೇಳುವಷ್ಟು ಚಿಕ್ಕದೂ ಆಗಿರಲಿಲ್ಲ. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ. ನಾನು ಕ್ರೈಸ್ತನಲ್ಲ. ತುಮಕೂರಿನಲ್ಲಿ, ಸಂಜೆ ದೀಪ ಹಚ್ಚಿದ ಮೇಲೆ ದೇವರನಾಮ ಹೇಳುವ ಮನೆಯಲ್ಲಿ ಬೆಳೆದವನು. ಹೀಬ್ರೂ ಭಾಷೆ ಬರುವುದಿಲ್ಲ. ಮುಂದೆ ಬರುವ ಹೀಬ್ರೂ ಪದಗಳ ವಿಚಾರವನ್ನು ಪದಕ್ಕೆ ಪದ ಅರ್ಥ ಕೊಡುವ ಪುಸ್ತಕವೊಂದನ್ನು ಇಟ್ಟುಕೊಂಡು, ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್ಲಿನ ಇಸ್ರೇಲಿ ಗೆಳೆಯನನ್ನು ಊಟದ ಹೊತ್ತಿನಲ್ಲಿ ಪೀಡಿಸಿ ಕಲಿತದ್ದು. ವೃತ್ತಿಯಿಂದ ಕೋಡು ಬರೆಯುವವನು, ವಿಮರ್ಶಕನಲ್ಲ. ತಪ್ಪು ಕಂಡರೆ ತಿದ್ದಿ.

ಇನ್ನು ಈ ಕೀರ್ತನೆ ನನಗೆ ಸಿಕ್ಕ ಬಗೆ. 2021ರ ಮೇ ತಿಂಗಳು ನಿಮಗೆಲ್ಲ ನೆನಪಿದೆ. ಊರಿನಿಂದ ಫೋನ್ ಬಂದರೆ ಎತ್ತಲು ಹೆದರುತ್ತಿದ್ದ ದಿನಗಳು. ನಮ್ಮಪ್ಪ ಆ ತಿಂಗಳು ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ಹೋಗಿದ್ದರೂ ಮುಖ ನೋಡುವ ಹಾಗಿರಲಿಲ್ಲ. ಇಲ್ಲಿ ಆಸ್ಟಿನ್ನಿನಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಫೋನಿನ ಪರದೆಯ ಮೇಲೆ ಒಂದು ಆಂಬುಲೆನ್ಸಿನ ಹಿಂಭಾಗವನ್ನು ನೋಡಿದೆ, ಅಷ್ಟೇ.

ಆ ವಾರಗಳಲ್ಲಿ ನನಗೆ ಬಂದ ಸಾಂತ್ವನದ ಸಂದೇಶಗಳಲ್ಲಿ ಬೈಬಲಿನ 91ನೇ ಕೀರ್ತನೆ ಮೂರು ಸಲ ಬಂತು. ಕಳಿಸಿದವರು ಒಳ್ಳೆಯ ಮನಸ್ಸಿನವರು. ಆ ಕೀರ್ತನೆ ಸುಂದರವಾದದ್ದೂ ಹೌದು. ಹಕ್ಕಿ ತನ್ನ ರೆಕ್ಕೆಯ ಕೆಳಗೆ ಮರಿಯನ್ನು ಇಟ್ಟುಕೊಂಡಂತೆ ದೇವರು ಇಟ್ಟುಕೊಳ್ಳುತ್ತಾನೆ, ಇರುಳಿನ ಭಯ, ಹಗಲಿನ ಬಾಣ, ಕತ್ತಲಲ್ಲಿ ತಿರುಗುವ ವ್ಯಾಧಿ ಯಾವುದೂ ಮುಟ್ಟುವುದಿಲ್ಲ ಎಂಬ ಧೈರ್ಯ ಅದರಲ್ಲಿದೆ. ಪಕ್ಕದಲ್ಲಿ ಸಾವಿರ ಜನ ಬಿದ್ದರೂ ನಿನ್ನ ಹತ್ತಿರ ಅದು ಬಾರದು ಎನ್ನುವ ಮಾತು ಬರುತ್ತದೆ. ಅಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಬಿದ್ದ ಆ ಸಾವಿರದಲ್ಲಿ ನಮ್ಮಪ್ಪ ಒಬ್ಬರಾಗಿದ್ದರು.

ಹತ್ತು ದಿನ ಕಳೆದ ಮೇಲೆ ಅಪ್ಪನ ಸ್ನೇಹಿತರೊಬ್ಬರು ಫೋನ್ ಮಾಡಿದರು. ನಮ್ಮ ಬೀದಿಯ ಕೊನೆಯ ಮನೆಯವರು, ರಿಟೈರಾದ ಕನ್ನಡ ಮೇಷ್ಟ್ರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ನಾನು ಸಿಟ್ಟಿನಲ್ಲಿ 91ನೇ ಕೀರ್ತನೆಯ ವಿಷಯ ಅವರ ಮುಂದೆ ಹೇಳಿಕೊಂಡೆ. "ಅದು ಈಗ ಬೇಡ ಕಣಪ್ಪಾ" ಎಂದರು. "ನೂರಾಮೂರನೇದು ಓದು. ಸಮಾಧಾನ ಆಗುತ್ತೆ ಅಂತ ಹೇಳಲ್ಲ. ಅದರಲ್ಲಿ ಸುಳ್ಳಿಲ್ಲ." ಅಷ್ಟು ಹೇಳಿ, ತಾವೇ ಓದಿ ಮುಗಿಸಿ, ಫೋನ್ ಇಟ್ಟರು.

"ಸುಳ್ಳಿಲ್ಲ" ಎಂಬುದು ಭಕ್ತನ ಮೆಚ್ಚುಗೆಯಷ್ಟೇ ಅಲ್ಲ, ವಿಮರ್ಶಕನ ಮೆಚ್ಚುಗೆಯೂ ಹೌದು. ಅದು ನಿಜವೇ ಎಂದು ನೋಡೋಣ.

ಕೀರ್ತನೆ ಎಂಬ ಹೆಸರಿನಿಂದಲೇ ಶುರು ಮಾಡಬಹುದು. ಹೀಬ್ರೂ ಭಾಷೆಯಲ್ಲಿ ಈ 150 ಪದ್ಯಗಳ ಗ್ರಂಥಕ್ಕೆ 'ತೆಹಿಲ್ಲೀಮ್' ಎಂದು ಹೆಸರು, ಸ್ತುತಿಗಳು ಎಂದರ್ಥ. ಇಂಗ್ಲಿಷಿನ 'ಸಾಮ್' ಗ್ರೀಕಿನಿಂದ ಬಂದದ್ದು, ತಂತಿ ಮೀಟಿ ಹಾಡುವುದಕ್ಕೆ ಸಂಬಂಧಪಟ್ಟದ್ದು. ಕನ್ನಡ ಬೈಬಲಿನಲ್ಲಿ ಇದು 'ಕೀರ್ತನೆಗಳು'. ಪುರಂದರದಾಸರ, ಕನಕದಾಸರ ಹಾಡುಗಳಿಗೆ ನಾವು ಕೊಡುವ ಹೆಸರೇ ಇದಕ್ಕೂ ಸಿಕ್ಕಿತು. ಬಳ್ಳಾರಿಯಲ್ಲಿ ಕೂತು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಅಂದರೆ ಕಿಟೆಲರ ನಿಘಂಟು (1894) ಬರುವುದಕ್ಕೂ ಅರವತ್ತಕ್ಕೂ ಹೆಚ್ಚು ವರ್ಷ ಮೊದಲು. ಆದರೂ ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಈ ಕೀರ್ತನೆಗಳು ಕನ್ನಡ ಓದುಗರ ಆಸ್ತಿ ಎಂದು ಯಾರೂ ಹೇಳುವುದಿಲ್ಲ. ಗೋವಿಂದ ಪೈಗಳ 'ಗೊಲ್ಗೊಥಾ' ಓದಿದವರೂ ಇಲ್ಲಿಗೆ ಬರುವುದು ಕಡಿಮೆ.

ದಾವೀದನ ಹೆಸರಿನಲ್ಲಿರುವ 103ನೇ ಕೀರ್ತನೆ 22 ವಚನಗಳ ಪುಟ್ಟ ಪದ್ಯ. ಕನ್ನಡದಲ್ಲಿ ಅದು ಶುರುವಾಗುವುದು 'ಮನವೇ' ಎಂಬ ಸಂಬೋಧನೆಯಿಂದ. ದಾಸರ ಪದ ಕೇಳಿ ಬೆಳೆದ ಯಾರಿಗಾದರೂ ಇದು ನಮ್ಮ ಮನೆಯ ಬಾಗಿಲು ಎಂದೇ ಅನಿಸುತ್ತದೆ. ಮೂಲದಲ್ಲಿರುವ ಪದ 'ನೆಫೆಶ್'. ಅದಕ್ಕೆ ಗಂಟಲು, ಉಸಿರು, ಜೀವ, ಪ್ರಾಣ ಎಂದೆಲ್ಲ ಅರ್ಥವಿದೆ. 'ಆತ್ಮ' ಎಂದು ಅನುವಾದಿಸುವ ದಾರಿಯೂ ಇತ್ತು. ಹಾಗೆ ಮಾಡಿದ್ದರೆ ನಮ್ಮ ಕಿವಿಗೆ ವೇದಾಂತ ಕೇಳಿಸುತ್ತಿತ್ತು. 'ಮನ' ಎಂದದ್ದರಿಂದ ಕವಿ ತನ್ನೊಳಗಿನ ಒಂದು ಹಟಮಾರಿ ಜೀವದ ಜೊತೆ ಮಾತಿಗೆ ಕೂತಂತಾಯಿತು. ಅನುವಾದಕರ ಕಿವಿ ಒಳ್ಳೆಯದಿತ್ತು.

ಈಗ ನಮ್ಮ ಹಿರಿಯರ ಇನ್ಶೂರೆನ್ಸ್ ಮಾತನ್ನು ಈ ಪದ್ಯದ ಮೇಲಿಟ್ಟು ನೋಡಿ. ನಾನು ಕೋಡ್ ರಿವ್ಯೂ ಮಾಡುವ ಹಾಗೆ ಸಾಲು ಸಾಲು ಹುಡುಕಿದೆ. 22 ವಚನಗಳಲ್ಲಿ ಒಂದೂ ಬೇಡಿಕೆ ಇಲ್ಲ. ಕೊಡು, ಕಾಪಾಡು, ಕ್ಷಮಿಸು ಎಂಬ ಒಂದು ಮೊರೆಯೂ ಇಲ್ಲ. ಅಷ್ಟೇ ಅಲ್ಲ, ದೇವರನ್ನು 'ನೀನು' ಎಂದು ಒಮ್ಮೆಯೂ ಕರೆದಿಲ್ಲ, ಉದ್ದಕ್ಕೂ 'ಆತನು'. ಕವಿ ಮಾತಾಡುವುದು ತನ್ನ ಮನಸ್ಸಿನ ಜೊತೆ, ಕೊನೆಯಲ್ಲಿ ದೇವದೂತರ ಜೊತೆ, ಸೃಷ್ಟಿಯ ಜೊತೆ. ಕ್ಲೇಮ್ ಫಾರಮ್ಮೇ ಇಲ್ಲದ ಪಾಲಿಸಿ ಯಾವ ಪಾಲಿಸಿ? ಎದುರಿಗಿರುವವನನ್ನು ಒಲಿಸಿಕೊಳ್ಳುವುದಕ್ಕೆ ಹೊಗಳುವವನು ಹೊಗಳಿಕೆ ಆ ಕಿವಿಗೆ ಬೀಳುವಂತೆ ನೋಡಿಕೊಳ್ಳುತ್ತಾನೆ. ಇಲ್ಲಿ ಕವಿ ಮನಸ್ಸಿಗೆ ಹೇಳುತ್ತಿರುವುದು ಒಂದೇ ಮಾತು: ಮರೆಯಬೇಡ. ಸ್ತುತಿ ಎಂದರೆ ಇಲ್ಲಿ ನೆನಪಿನ ಕೆಲಸ.

ಏನನ್ನು ಮರೆಯಬಾರದು? ಮೊದಲ ಪಟ್ಟಿ ಸುಲಭದ್ದು. ಪಾಪ ಕ್ಷಮಿಸಿದ್ದು, ರೋಗ ವಾಸಿ ಮಾಡಿದ್ದು, ಗುಂಡಿಯಿಂದ ಜೀವವನ್ನು ಎತ್ತಿದ್ದು, ಹದ್ದಿನ ಹಾಗೆ ಯೌವನ ಮರಳಿಸಿದ್ದು. ಇಷ್ಟೇ ಆಗಿದ್ದರೆ ಇದೂ ಮತ್ತೊಂದು ಮಂಗಳದ ಹಾಡಾಗುತ್ತಿತ್ತು. ಪದ್ಯ ನಿಜವಾಗಿ ಏಳುವುದು ಹನ್ನೊಂದನೇ ವಚನದಿಂದ. ಅಲ್ಲಿ ಸಾಲಾಗಿ ಮೂರು ಹೋಲಿಕೆಗಳು ಬರುತ್ತವೆ. ಭೂಮಿಯಿಂದ ಆಕಾಶ ಎಷ್ಟು ಎತ್ತರವೋ ಅಷ್ಟು ಆತನ ಕೃಪೆ. ಪೂರ್ವದಿಂದ ಪಶ್ಚಿಮ ಎಷ್ಟು ದೂರವೋ ಅಷ್ಟು ದೂರ ನಮ್ಮ ತಪ್ಪುಗಳನ್ನು ಒಯ್ದು ಹಾಕಿದ್ದಾನೆ. ಲೋಕದಲ್ಲಿ ಕಣ್ಣಿಗೆ ಕಾಣುವ ಅತಿ ದೊಡ್ಡ ಎರಡು ಅಳತೆಗಳು ಮುಗಿದವು, ಮೇಲಕ್ಕೊಂದು, ಅಡ್ಡಕ್ಕೊಂದು. ಮೂರನೆಯದು ಇನ್ನೂ ದೊಡ್ಡದಿರಬೇಕು ಎಂದು ನಾವು ಕಾಯುತ್ತೇವೆ. ಬರುವುದು ಒಂದು ಮನೆ. ತಂದೆ, ಮಕ್ಕಳು.

ಹೀಬ್ರೂ ಕಾವ್ಯದಲ್ಲಿ ಪ್ರಾಸ ಶಬ್ದದಲ್ಲಿಲ್ಲ, ಅರ್ಥದಲ್ಲಿದೆ. ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಹೇಳುತ್ತದೆ, ಅಥವಾ ಮುಂದಕ್ಕೆ ಒಯ್ಯುತ್ತದೆ. ಇದನ್ನು ವಿವರವಾಗಿ ತೋರಿಸಿಕೊಟ್ಟವನು ಆಕ್ಸ್‌ಫರ್ಡಿನ ರಾಬರ್ಟ್ ಲೌತ್, 1753ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ. ನಮ್ಮ ಹಳಗನ್ನಡದ ದ್ವಿತೀಯಾಕ್ಷರ ಪ್ರಾಸವನ್ನು ಯಾವ ಭಾಷೆಗೂ ಒಯ್ಯಲಾಗದು, ದಾರಿಯಲ್ಲೇ ಉದುರಿಹೋಗುತ್ತದೆ. ಅರ್ಥದ ಪ್ರಾಸ ಹಾಗಲ್ಲ. ಜೆರುಸಲೇಮಿನಿಂದ ಬಳ್ಳಾರಿಗೆ ಬಂದರೂ ಉಳಿಯುತ್ತದೆ. ಆಕಾಶ, ದಿಕ್ಕು, ತಂದೆ ಎಂಬ ಈ ಇಳಿತ ಕನ್ನಡದಲ್ಲಿ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಒಂದು ಜಾಗದಲ್ಲಿ ಮಾತ್ರ ಕನ್ನಡ ಅನುವಾದದ ಮೇಲೆ ನನ್ನದೊಂದು ದೂರಿದೆ. ತಂದೆ ಮಕ್ಕಳ ಮೇಲೆ ತೋರುವುದನ್ನು ಕನ್ನಡ ಬೈಬಲ್ 'ಕನಿಕರಿಸು' ಎನ್ನುತ್ತದೆ. ತಪ್ಪಿಲ್ಲ. ಆದರೆ ಮೂಲದ ಕ್ರಿಯಾಪದ 'ರೆಹೆಮ್' ಎಂಬ ಪದದ ಬಳಗಕ್ಕೆ ಸೇರಿದ್ದು. ರೆಹೆಮ್ ಎಂದರೆ ಗರ್ಭ. ಅಂದರೆ ಕವಿ ತಂದೆಗೆ ತಾಯಿಯ ಕ್ರಿಯಾಪದ ಕೊಟ್ಟಿದ್ದಾನೆ! ಇದನ್ನು ಕೇಳಿದ ದಿನ ನನ್ನ ತಲೆಗೆ ಬಂದ ಕನ್ನಡ ಪದ 'ಕರುಳು'. ಹೆತ್ತ ಕರುಳು, ಕರುಳಿನ ಕುಡಿ ಎನ್ನುತ್ತೇವಲ್ಲ, ಅದು. ಹೊಟ್ಟೆಯೊಳಗಿನ ಅಂಗವನ್ನೇ ಮಮತೆಗೆ ಹೆಸರಾಗಿಸಿದ ಭಾಷೆ ನಮ್ಮದು. ಕನಿಕರ ಸ್ವಲ್ಪ ಎತ್ತರದಲ್ಲಿ ನಿಂತವರು ಕೆಳಗೆ ನೋಡಿ ಪಡುವ ಭಾವ. ಕರುಳಿಗೆ ಎತ್ತರವಿಲ್ಲ. ನಮ್ಮಪ್ಪ ಮುದ್ದಾಡಿದವರಲ್ಲ, ಮಾತೂ ಕಡಿಮೆ. ಆದರೆ ನಾನು ಮೊದಲ ಸಲ ಈ ದೇಶಕ್ಕೆ ಹೊರಟಾಗ ಸೂಟ್‌ಕೇಸಿನ ಬೀಗ ಸರಿ ಇದೆಯೇ ಎಂದು ಏಳು ಸಲ ನೋಡಿದವರು. ಅಂಥ ಅಪ್ಪಂದಿರಿಗೆ ಈ ಕ್ರಿಯಾಪದ ಸಲ್ಲುತ್ತದೆ.

ಮುಂದಿನ ಹೆಜ್ಜೆ ಈ ಪದ್ಯದ ಎದೆ. ತಂದೆ ಯಾಕೆ ಮರುಗುತ್ತಾನೆ? ಮಕ್ಕಳು ಒಳ್ಳೆಯವರು ಎಂದಲ್ಲ, ಹೊಗಳಿದರು ಎಂದೂ ಅಲ್ಲ. ನಮ್ಮ ಕಟ್ಟಡ ಎಂಥದು ಎಂದು ಆತನಿಗೆ ಗೊತ್ತು, ನಾವು ಧೂಳು ಎಂಬುದು ಆತನ ನೆನಪಿನಲ್ಲಿದೆ, ಅದಕ್ಕೆ. ಇಲ್ಲಿ 'ಕಟ್ಟಡ' ಎಂದು ನಾನು ಹೇಳಿದ ಜಾಗದಲ್ಲಿರುವ 'ಯೆತ್ಸೆರ್' ಎಂಬ ಪದ ಕುಂಬಾರ ಮಾಡಿದ ಆಕಾರಕ್ಕೆ ಹೇಳುವಂಥದು. ಆದಿಕಾಂಡದಲ್ಲಿ ದೇವರು ನೆಲದ ಧೂಳಿನಿಂದ ಮನುಷ್ಯನನ್ನು ರೂಪಿಸುವಾಗ ಬರುವುದೂ ಇದೇ ಧಾತು, ಇದೇ ಧೂಳು. ಮಾಡಿದವನಿಗೆ ಮಣ್ಣಿನ ಗುಣ ಗೊತ್ತು. ಮೊದಲು ಮನಸ್ಸಿಗೆ ಮರೆಯಬೇಡ ಎಂದ ಕವಿ, ಮಧ್ಯದಲ್ಲಿ ದೇವರಿಗೆ ಮರೆತಿಲ್ಲ ಎನ್ನುತ್ತಾನೆ. ಎರಡು ನೆನಪುಗಳು ಪದ್ಯದಲ್ಲಿ ಎದುರುಬದುರು ಕೂತಿವೆ. ನಾವು ನೆನೆಯುವುದು ಆತನ ಉಪಕಾರವನ್ನು, ಆತ ನೆನೆಯುವುದು ನಮ್ಮ ದೌರ್ಬಲ್ಯವನ್ನು.

ನಮ್ಮ ಕಸುಬಿನಲ್ಲಿ ಇದಕ್ಕೆ ದೂರದ ಒಂದು ನೆಂಟಸ್ತನವಿದೆ. ಯಾವ ಡಿಸ್ಕೂ ಕೆಡುವುದಿಲ್ಲ ಎಂದು ನಂಬಿ ಕಟ್ಟಿದ ಸಿಸ್ಟಮ್ ಮೊದಲ ರಾತ್ರಿಯೇ ಮಲಗುತ್ತದೆ. ಪ್ರತಿಯೊಂದೂ ಒಂದು ದಿನ ಕೆಡುತ್ತದೆ ಎಂದು ತಿಳಿದು ಕಟ್ಟಿದ್ದು ನಿಲ್ಲುತ್ತದೆ. ಈ ಹೋಲಿಕೆಯನ್ನು ಹೆಚ್ಚು ಎಳೆಯುವುದಿಲ್ಲ. ನಮ್ಮಪ್ಪನಿಗೆ ಬ್ಯಾಕಪ್ ಇರಲಿಲ್ಲ.

ಧೂಳಿನಿಂದ ಕವಿ ಹುಲ್ಲಿಗೆ ಹೋಗುತ್ತಾನೆ. ಮನುಷ್ಯನ ದಿನ ಹುಲ್ಲಿನಂತೆ, ಹೊಲದ ಹೂವಿನಂತೆ. ಗಾಳಿ ಬೀಸಿದರೆ ಇಲ್ಲ. ಅದಿದ್ದ ಜಾಗಕ್ಕೂ ಅದರ ಗುರುತು ಉಳಿಯುವುದಿಲ್ಲ. ಆ ನಾಡಿನಲ್ಲಿ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬಂದರೆ ವಸಂತದ ಹಸಿರು ನೋಡನೋಡುತ್ತಲೇ ಒಣಗುತ್ತದೆ. ನಮ್ಮ ಟೆಕ್ಸಸ್ಸಿನ ರಸ್ತೆಬದಿಯ ಬ್ಲೂಬಾನೆಟ್ ಹೂಗಳನ್ನು ನೆನೆಸಿಕೊಳ್ಳಿ. ಮಾರ್ಚ್ ಕೊನೆಯಲ್ಲಿ ಮಕ್ಕಳನ್ನು ಅದರ ನಡುವೆ ಕೂರಿಸಿ ಫೋಟೋ ತೆಗೆಯುತ್ತೇವೆ. ಬೇಸಿಗೆ ಬರುವಷ್ಟರಲ್ಲಿ ಆ ಜಾಗ ಯಾವುದೆಂದು ಹುಡುಕಿದರೂ ಸಿಗದು. ಗಾಳಿಗೆ ಹೀಬ್ರೂವಿನಲ್ಲಿ 'ರೂಅಖ್' ಎನ್ನುತ್ತಾರೆ. ಉಸಿರಿಗೂ ದೇವರ ಆತ್ಮಕ್ಕೂ ಅದೇ ಪದ. ಬದುಕಿಸುವ ಉಸಿರಿಗೂ ಒಣಗಿಸುವ ಗಾಳಿಗೂ ಒಂದೇ ಹೆಸರು. ಆಕ್ಸಿಜನ್ನಿಗೆ ಓಡಾಡಿದ ಆ ಮೇ ತಿಂಗಳ ನಂತರ ಈ ಸಾಲನ್ನು ನಾನು ಬರೀ ಅಲಂಕಾರ ಎಂದು ಓದಲಾರೆ.

ಇಲ್ಲಿ ನನಗೆ ನಮ್ಮ ಕನಕದಾಸರು ನೆನಪಾಗುತ್ತಾರೆ. ಅವರೂ ಮನಸ್ಸನ್ನು ಕೂರಿಸಿಕೊಂಡು ತಲ್ಲಣ ಬೇಡ ಎಂದು ಸಮಾಧಾನ ಹೇಳುವ ಪದ ನಿಮಗೆಲ್ಲ ಬಾಯಿಪಾಠ. ಅಲ್ಲಿ ದಾಸರು ಸಾಕ್ಷಿಗೆ ಕರೆಯುವುದು ಗುಡ್ಡದ ಮೇಲಿನ ಮರವನ್ನು, ಬಂಡೆಯೊಳಗಿನ ಕಪ್ಪೆಯನ್ನು. ಯಾರೂ ನೋಡಿಕೊಳ್ಳದೆಯೂ ಬದುಕಿರುವ ಜೀವಗಳು ಅವು. ಅವನ್ನು ಸಾಕಿದವನು ನಿನ್ನನ್ನು ಬಿಡುತ್ತಾನೆಯೇ ಎಂಬುದು ವಾದ. ಚಂದದ ವಾದ, ನಮ್ಮಮ್ಮ ಈಗಲೂ ಅದನ್ನೇ ಹಾಡಿಕೊಳ್ಳುತ್ತಾರೆ. 103ನೇ ಕೀರ್ತನೆಯ ಕವಿ ಸಾಕ್ಷಿಗೆ ಕರೆಯುವುದು ಸತ್ತುಹೋಗುವ ಹುಲ್ಲನ್ನು. ಉಳಿದದ್ದನ್ನು ತೋರಿಸಿ ಕಾಯುವವನಿದ್ದಾನೆ ಎನ್ನುವುದು ಒಂದು ಬಗೆಯ ಧೈರ್ಯ. ಉಳಿಯದ್ದನ್ನು ತೋರಿಸಿಯೂ ಅದೇ ಮಾತು ಹೇಳುವುದು ಇನ್ನೊಂದು ಬಗೆ. ಸಾವಾದ ಮನೆಯಲ್ಲಿ ಕೂತವನಿಗೆ ಎರಡನೆಯದೇ ಹತ್ತಿರ. ಅವನ ಕಪ್ಪೆ ಬದುಕಲಿಲ್ಲ.

ಹಾಗಾದರೆ ಕಾಯುವುದು ಎಂದರೇನು? ಮತ್ತೆ 91ನೇ ಕೀರ್ತನೆಗೆ ಬರಬೇಕು. ಅದಕ್ಕೆ ನಾನು ಅನ್ಯಾಯ ಮಾಡಬಾರದು. ಅದರ ಕೊನೆಯಲ್ಲಿ ದೇವರೇ ಮಾತಾಡುವಾಗ, ಇಕ್ಕಟ್ಟಿನಲ್ಲಿ ನಾನು ಅವನ ಜೊತೆಗಿರುತ್ತೇನೆ ಎನ್ನುತ್ತಾನೆ. ಇಕ್ಕಟ್ಟೇ ಬರುವುದಿಲ್ಲ ಎನ್ನುವುದಿಲ್ಲ. ಹಾಗಿದ್ದೂ ಆ ಪದ್ಯವನ್ನು ಗ್ಯಾರಂಟಿ ಕಾರ್ಡಿನಂತೆ ಓದುವುದು ಸುಲಭ. ಹಾಗೆ ಓದಿದವನು ಬೈಬಲಿನ ಒಳಗೇ ಒಬ್ಬನಿದ್ದಾನೆ. ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು, ಇಲ್ಲಿಂದ ಹಾರು, ದೂತರು ಕೈಗಳಲ್ಲಿ ಹಿಡಿದುಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಎನ್ನುತ್ತಾನೆ. ಅವನು ಎತ್ತಿ ಹೇಳುವುದು ಇದೇ 91ನೇ ಕೀರ್ತನೆಯನ್ನು! ಯೇಸು ಹಾರುವುದಿಲ್ಲ. ದೇವರನ್ನು ಪರೀಕ್ಷಿಸಬಾರದು ಎನ್ನುತ್ತಾನೆ. ನನ್ನ ದೃಷ್ಟಿಯಲ್ಲಿ ಇದು ಸಾಹಿತ್ಯ ವಿಮರ್ಶೆಯೇ. ರಕ್ಷಣೆಯ ಪದ್ಯವನ್ನು ಕರಾರುಪತ್ರದಂತೆ ಓದುವುದು ತಪ್ಪು ಓದು ಎಂದು ಆ ಗ್ರಂಥವೇ ಹೇಳುತ್ತಿದೆ. ಎರಡು ಅಧ್ಯಾಯ ದಾಟಿದರೆ ಅದೇ ಯೇಸು ಗುಡ್ಡದ ಮೇಲೆ ಕೂತು ಹೊಲದ ಹುಲ್ಲನ್ನು ತೋರಿಸುತ್ತಾನೆ. ಇವತ್ತು ಇದ್ದು ನಾಳೆ ಒಲೆಗೆ ಬೀಳುವ ಹುಲ್ಲಿಗೆ ದೇವರು ಎಷ್ಟು ಚಂದದ ಉಡುಪು ಕೊಟ್ಟಿದ್ದಾನೆ ನೋಡಿ ಎನ್ನುತ್ತಾನೆ. ಕನಕದಾಸರ ಸಾಕ್ಷಿ ಮತ್ತು ದಾವೀದನ ಸಾಕ್ಷಿ ಎರಡೂ ಆ ಒಂದು ಮಾತಿನಲ್ಲಿ ಸೇರಿವೆ. ಒಲೆಗೆ ಬೀಳುತ್ತದೆ ಎಂಬುದನ್ನು ಆತ ಮುಚ್ಚಿಡುವುದಿಲ್ಲ.

103ನೇ ಕೀರ್ತನೆಯಲ್ಲಿ ಕಾಯುವುದು ಎಂದರೆ ಬೀಳದಂತೆ ತಡೆಯುವುದಲ್ಲ, ಬಿದ್ದ ಮೇಲೂ ಮರೆಯದಿರುವುದು ಎಂದು ನನಗೆ ಅನಿಸಿದೆ. ಹುಲ್ಲು ಇದ್ದ ಜಾಗವೂ ಹುಲ್ಲನ್ನು ಮರೆಯುತ್ತದೆ ಎಂದ ಮರುಕ್ಷಣವೇ 'ಆದರೆ' ಎಂಬ ತಿರುವು ಬರುತ್ತದೆ. ಕೃಪೆ ಮಾತ್ರ ಎಂದೆಂದಿಗೂ, ಮಕ್ಕಳ ಮಕ್ಕಳವರೆಗೂ ಎಂದು. ಈ ಕೃಪೆಗೆ ಮೂಲದಲ್ಲಿರುವ 'ಹೆಸೆದ್' ಎಂಬ ಪದ ಪದ್ಯದಲ್ಲಿ ನಾಲ್ಕು ಸಲ ಬರುತ್ತದೆ. ಕೊಟ್ಟ ಮಾತಿಗೆ ತಪ್ಪದ ಪ್ರೀತಿ ಎಂದು ಬಿಡಿಸಿ ಹೇಳಬೇಕು, ಒಂದೇ ಪದದಲ್ಲಿ ಆಗದು.

ಪದ್ಯದಲ್ಲಿ ತೊಡಕಿಲ್ಲ ಎಂದಲ್ಲ. ಎಲ್ಲ ರೋಗಗಳನ್ನೂ ವಾಸಿ ಮಾಡುವವನು ಎಂದು ಮೂರನೇ ವಚನ ಹೇಳುತ್ತದೆ. ಎಲ್ಲ? ಹದಿನೈದನೇ ವಚನದ ಹುಲ್ಲನ್ನು ಬರೆದ ಕೈಯೇ ಇದನ್ನೂ ಬರೆಯಿತೇ? ಇದು ಒಟ್ಟು ಜನಾಂಗದ ಕಥೆ, ಒಬ್ಬೊಬ್ಬರ ಆಸ್ಪತ್ರೆ ಚೀಟಿಯಲ್ಲ ಎಂದು ಸಮಾಧಾನ ಹೇಳಬಹುದು. ನನಗೆ ಆ ಸಮಾಧಾನ ಪೂರ್ತಿ ಒಗ್ಗಿಲ್ಲ. ಕೃಪೆ ಆತನಿಗೆ ಅಂಜಿ ನಡೆಯುವವರಿಗೆ ಎಂಬ ಷರತ್ತೂ ಮೂರು ಸಲ ಬರುತ್ತದೆ. ಧೂಳಿನ ಮಾತು ಎಲ್ಲ ಮನುಷ್ಯರದ್ದು, ಕರುಳಿನ ಮಾತು ಕೆಲವರದ್ದು ಎನ್ನುವ ಹಾಗೆ. ನಮ್ಮಪ್ಪನಂಥ, ಬೇರೆ ಹೆಸರಿನಲ್ಲಿ ದೇವರನ್ನು ಕರೆದವರು ಆ ಲೆಕ್ಕದಲ್ಲಿದ್ದಾರೆಯೇ ಎಂದು ಮೇಷ್ಟ್ರನ್ನು ಇನ್ನೊಂದು ಸಲ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪ ಅಂಜಿ ನಡೆದ ಮನುಷ್ಯ. ಅಷ್ಟು ನಾನು ಬಲ್ಲೆ" ಎಂದರು. ಅದು ಶಾಸ್ತ್ರದ ಉತ್ತರವಲ್ಲ, ಗೆಳೆಯನ ಉತ್ತರ. ನಾನು ಹೆಚ್ಚು ಕೆದಕಲಿಲ್ಲ.

ಕೀರ್ತನೆ ಮುಗಿಯುವ ರೀತಿ ನೋಡಿ. ದೂತರೇ ಕೊಂಡಾಡಿ, ಸೇನೆಗಳೇ ಕೊಂಡಾಡಿ, ಆತನ ಸಮಸ್ತ ಸೃಷ್ಟಿಯೇ ಕೊಂಡಾಡಿ ಎಂದು ದನಿ ಬೆಳೆಯುತ್ತ ಹೋಗಿ, ಥಟ್ಟನೆ ಮೊದಲಿನ 'ಮನವೇ'ಗೆ ಮರಳುತ್ತದೆ. ಶುರುವಿನ ಸಾಲೇ ಕೊನೆಯ ಸಾಲು. ಆದರೆ ಮೊದಲ ಸಲ ಹೇಳಿದಾಗ ಆ ಮನಸ್ಸಿಗೆ ತಾನು ಹುಲ್ಲು ಎಂಬುದು ನೆನಪಿರಲಿಲ್ಲ. ಈಗ ಇದೆ. ಗೊತ್ತಿದ್ದೂ ಬ್ರಹ್ಮಾಂಡದ ಮೇಳದಲ್ಲಿ ತನ್ನ ಸಣ್ಣ ಗಂಟಲನ್ನು ಸೇರಿಸುತ್ತದೆ. ನಮ್ಮ ಹಿರಿಯರಿಗೆ ನಾನು ಹೇಳಬೇಕೆಂದಿದ್ದು ಇಷ್ಟೇ: ಸಾರ್, ಕಂಪನಿ ಹಣ ಕೊಡುವುದಿಲ್ಲ ಎಂದು ತಿಳಿದ ಮೇಲೂ ಪ್ರೀಮಿಯಮ್ ಕಟ್ಟುವವರಿಲ್ಲ. ಸಾಯುತ್ತೇನೆ ಎಂದು ತಿಳಿದ ಮೇಲೂ ಹಾಡುವವರಿದ್ದಾರೆ. ಅವರು ಮಾಡುತ್ತಿರುವ ಕೆಲಸಕ್ಕೆ ಬೇರೆ ಹೆಸರು ಬೇಕು.

ಮುಂದಿನ ಗೋಷ್ಠಿಗೆ ನಾನು ಈ ಕೀರ್ತನೆಯನ್ನೂ ಕನಕದಾಸರ ಆ ಪದವನ್ನೂ ಅಕ್ಕಪಕ್ಕ ಅಚ್ಚು ಹಾಕಿಸಿ ತರುತ್ತೇನೆ. ನಮ್ಮಲ್ಲಿ ಯಾರ ಮನೆಯಲ್ಲಾದರೂ ಅಜ್ಜ ಅಜ್ಜಿಯ ಕಾಲದ ಹಳೆಯ ಕನ್ನಡ ಬೈಬಲ್ ಇದ್ದರೆ ದಯವಿಟ್ಟು ತನ್ನಿ. ಆ ತಂದೆಯ ಕ್ರಿಯಾಪದಕ್ಕೆ ಹಿಂದಿನವರು ಯಾವ ಪದ ಇಟ್ಟಿದ್ದರು ಎಂದು ನೋಡುವ ಆಸೆ ಇದೆ. ಈ ಸಲ ಬಿಸಿಬೇಳೆಬಾತು ನಮ್ಮ ಮನೆಯದು.